ಮರಳ ಮೇಲಿನ ಎರಡು ಗೆರೆ

ಅರಮನೆಯ ಮುಂಬಾಗಿಲನ್ನು ನಾನು ಮೊದಲ ಸಲ ದಾಟಿದ್ದು ನನ್ನ ಮೂವತ್ತಾರನೆಯ ವಯಸ್ಸಿನಲ್ಲಿ. ನನ್ನ ಅವ್ವ ಅದೇ ಅರಮನೆಯ ಅಂಗಳವನ್ನು ಮೂವತ್ತಮೂರು ವರ್ಷ ಗುಡಿಸಿದಳು. ಒಂದು ದಿನವೂ ಆ ಬಾಗಿಲಿನಿಂದ ಒಳಗೆ ಬಂದವಳಲ್ಲ. ಆಕೆಗೆ ಹಿಂಬಾಗಿಲು. ಅದೂ ಸೊಂಟ ಬಗ್ಗಿಸಿ ನುಗ್ಗಬೇಕಾದದ್ದು. ಗೈಡುಗಳು ಆ ಬಾಗಿಲ ಮುಂದೆ ನಿಂತು, ಹಿಂದಿನ ಕಾಲದವರು ಕುಳ್ಳಗಿದ್ದರು ಎಂದು ಹೇಳುತ್ತಾರೆ. ಹಾಗಾದರೆ ಮುಂಬಾಗಿಲು ಹನ್ನೆರಡು ಅಡಿ ಏಕೆ ಎಂದು ಯಾರೂ ಕೇಳುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ನನ್ನಂಥ ಹನ್ನೆರಡು ಮಂದಿ ಶಿಕ್ಷಕರನ್ನು ಆರಿಸಿ, ನಾಲ್ಕು ವಾರ ಅರಮನೆಯಲ್ಲೇ ಇರಿಸಿಕೊಂಡು, ಅಲ್ಲಿನ ಗೋಡೆ, ಕಲ್ಲು, ಹಳೆಯ ಕಾಗದಗಳನ್ನು ಇಟ್ಟುಕೊಂಡು ಪಾಠ ಬರೆಸುವ ಒಂದು ಫೆಲೋಶಿಪ್ ಇದೆ. ಬರೆದ ಪಾಠಗಳು ಕೈಪಿಡಿಯಾಗಿ ಅಚ್ಚಾಗಿ ಎಲ್ಲ ಹೈಸ್ಕೂಲುಗಳಿಗೂ ಹೋಗುತ್ತವೆ. ಅರಮನೆ ಒಂದು ಟ್ರಸ್ಟಿನದು. ಫೆಲೋಶಿಪ್ ನಡೆಸುವವರು ನನ್ನ ಮೇಷ್ಟ್ರು.

ಮೇಷ್ಟ್ರು ಎಂದರೆ ನನಗೆ ಅವರೊಬ್ಬರೇ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಬೋರ್ಡಿನ ಮೇಲೆ ಈ ಅರಮನೆಯ ಚಿತ್ರ ಬರೆದು, ಕಟ್ಟಿಸಿದವರ ಹೆಸರು ಎಲ್ಲರಿಗೂ ಗೊತ್ತು, ಇಲ್ಲಿ ದುಡಿದವರ ಒಂದು ಹೆಸರು ಹೇಳಿ ನೋಡೋಣ ಎಂದಿದ್ದರು. ನಾನು ಎದ್ದು ನಿಂತು, ಕಸ ಗುಡಿಸುವವಳ ಹೆಸರು ಗೊತ್ತು ಸಾರ್ ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ. ಅದೇ ಸಂಜೆ ನಮ್ಮ ಮನೆಗೆ ಬಂದು ಅವ್ವನ ಎದುರು ನೆಲದ ಮೇಲೆ ಕೂತು, ಇವಳ ಓದು ಬಿಡಿಸಬೇಡಿ ಎಂದು ಕೇಳಿಕೊಂಡರು. ಶಾಲೆಯ ಕಡೆಯಿಂದ ನಮ್ಮ ಮನೆಗೆ ಬಂದ ಮೊದಲ ಮನುಷ್ಯ. ಅಂದಿನಿಂದ ಅವ್ವನ ಪಾಲಿಗೆ ಮೇಷ್ಟ್ರ ಮಾತೆಂದರೆ ಕಲ್ಲಿನ ಮೇಲೆ ಬರೆದ ಗೆರೆ. ನನ್ನ ಪಾಲಿಗೂ ಅಷ್ಟೆ. ನಾನು ಟೀಚರಾದದ್ದು ಅವರಿಂದ. ಇದನ್ನು ಮೊದಲೇ ಹೇಳಿಬಿಡಬೇಕು. ಗುರುತಿಲ್ಲದವರು ಮೋಸ ಮಾಡಿದರೆ ಬೈದು ಸುಮ್ಮನಾಗಬಹುದು.

ನನಗೆ ಮಹಡಿಯ ಮೇಲೆ ಒಂದು ಕೋಣೆ ಕೊಟ್ಟರು. ಕಿಟಕಿ ತೆಗೆದರೆ ಕೆಳಗೆ ಮರಳಿನ ಅಂಗಳ. ಮೊದಲ ದಿನ ಬೆಳಿಗ್ಗೆ ಕಿಟಕಿ ತೆಗೆದಾಗ ಅವ್ವ ಗುಡಿಸುತ್ತಿದ್ದಳು. ಆ ಅಂಗಳವನ್ನು ಗುಡಿಸುವುದಕ್ಕೆ ಒಂದು ಕ್ರಮವಿದೆ. ಉದ್ದ ಹಿಡಿಯ ಪೊರಕೆ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಗುಡಿಸಬೇಕು. ಇಟ್ಟ ಹೆಜ್ಜೆಯನ್ನು ಆಗಲೇ ಅಳಿಸುತ್ತ ಬರಬೇಕು. ಹಿಂಬಾಗಿಲು ಬೆನ್ನಿಗೆ ತಾಗಿದಾಗ ಅಂಗಳದಲ್ಲಿ ಪೊರಕೆಯ ಗೆರೆಗಳು ಬಿಟ್ಟರೆ ಮನುಷ್ಯರು ಓಡಾಡಿದ ಗುರುತು ಇರಬಾರದು. ಆಮೇಲೆ ಬರುವ ಪ್ರವಾಸಿಗರು ಸುತ್ತಲಿನ ಕಲ್ಲುಹಾಸಿನ ಮೇಲೆ ನಡೆಯುತ್ತಾರೆ. ಮರಳಿನ ಮೇಲೆ ಕಾಲಿಡಬಾರದು ಎಂದು ಬೋರ್ಡು ಇದೆ.

ಪಕ್ಕದ ಕೋಣೆಯ ಟೀಚರಮ್ಮ ಫೋಟೋ ತೆಗೆಯುತ್ತ, ನೋಡ್ರೀ, ಎಷ್ಟು ಚೆನ್ನಾಗಿ ಗುಡಿಸ್ತಾಳೆ, ಡ್ಯಾನ್ಸ್ ಮಾಡಿದ ಹಾಗಿದೆ ಎಂದರು. ಅವ್ವನ ಬಲಭುಜ ಮೇಲೇಳುವುದಿಲ್ಲ. ಅದಕ್ಕೆ ಮೈಯೆಲ್ಲ ತಿರುಗಿಸಿ ಪೊರಕೆ ಬೀಸುತ್ತಾಳೆ. ಅದು ಡ್ಯಾನ್ಸಲ್ಲ, ಅದು ನೋವು ಎಂದು ನಾನು ಹೇಳಬೇಕಿತ್ತು. ಅವಳು ನನ್ನ ಅವ್ವ ಎಂದಾದರೂ ಹೇಳಬೇಕಿತ್ತು. ಕುತ್ತಿಗೆಯಲ್ಲಿ ಹೊಸ ಗುರುತಿನ ಚೀಟಿ ನೇತಾಡುತ್ತಿತ್ತು. ಹೌದು ಚೆನ್ನಾಗಿದೆ ಎಂದು ಕಿಟಕಿ ಹಾಕಿಕೊಂಡೆ.

ಮೂರನೆಯ ದಿನ ಮೇಷ್ಟ್ರೇ ಎಲ್ಲರ ಮುಂದೆ ಹೇಳಿದರು. ನಮ್ಮ ಅಂಗಳ ಗುಡಿಸುವ ತಾಯಿಯ ಮಗಳು ಇಂದು ನಮ್ಮ ಫೆಲೋ ಎಂದರು. ಅವ್ವನನ್ನು ಕರೆಸಿದರು. ಚಪ್ಪಾಳೆ ಬಿತ್ತು. ಅವ್ವ ಪೊರಕೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವತ್ತೇ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಪಾಠಕ್ಕೆ ಅಂಗಳದ ಮೂಲೆಯ ತೊಟ್ಟಿಯನ್ನು ತೆಗೆದುಕೋ ಎಂದರು. ಅದು ನೆಲದೊಳಗಿನ ನೀರಿನ ತೊಟ್ಟಿ. ಮೇಲೆ ಕಬ್ಬಿಣದ ಮುಚ್ಚಳ, ಒಂದು ಬುಟ್ಟಿಯಷ್ಟಗಲದ ಬಾಯಿ. ನನ್ನ ಚಿಕ್ಕವ್ವ, ಅವ್ವನ ತಂಗಿ, ಅಲ್ಲಿ ಸತ್ತಳೆಂಬುದು ಮೇಷ್ಟ್ರಿಗೆ ಗೊತ್ತಿತ್ತು. ಹೇಗೆ ಸತ್ತಳೆಂಬುದು ನನಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಅವ್ವ ಆ ವಿಷಯಕ್ಕೆ ಬಾಯಿ ಬಿಟ್ಟವಳಲ್ಲ. ಮನೆಯಲ್ಲಿ ಚಿಕ್ಕವ್ವನ ಮಾತು ಬಂದರೆ ಎದ್ದು ಪಾತ್ರೆ ತಿಕ್ಕುವುದಕ್ಕೆ ಹೋಗುತ್ತಿದ್ದಳು.

"ನಿಮ್ಮವ್ವ ಹೇಳಲಿ. ಒಂದು ಅಕ್ಷರ ಬದಲಾಯಿಸದೆ ಅಚ್ಚು ಮಾಡಿಸ್ತೀನಿ. ಇದು ನನ್ನ ಮಾತು ಕಣಮ್ಮ," ಎಂದರು ಮೇಷ್ಟ್ರು.

ಭಾನುವಾರ ಮನೆಗೆ ಹೋಗಿ ಅವ್ವನ ಬೆನ್ನು ಬಿದ್ದೆ. ಬೇಡ ಎಂದಳು. ಅನ್ನ ಕೊಡೋ ಜಾಗ ಅದು, ಅದರ ಬಾಯಿಗೆ ಮಣ್ಣು ಹಾಕಬೇಡ ಎಂದಳು. ಮಕ್ಕಳು ಓದ್ತಾರವ್ವ, ಚಿಕ್ಕವ್ವ ಪುಸ್ತಕದಲ್ಲಿ ಇರ್ತಾಳೆ ಎಂದೆ. ಅವ್ವ ಒಗೆದ ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದದ್ದನ್ನು ಮಡಚಿಟ್ಟು, "ಮೇಷ್ಟ್ರು ಹೇಳಿದ್ರಾ?" ಎಂದು ಕೇಳಿದಳು. ಹೌದು ಎಂದೆ.

"ಹಾಗಾದ್ರೆ ಬರ್ಕೋ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು."

ಹೇಳಿದಳು. ನನ್ನ ಕಡೆ ನೋಡದೆ, ಬಟ್ಟೆ ಮಡಚುತ್ತಲೇ ಹೇಳಿದಳು.

ಚಿಕ್ಕವ್ವನನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ, ಗುಬ್ಬಿಯಷ್ಟೇ ಮೈ. ಯಾರೋ ದೊಡ್ಡ ಮನುಷ್ಯರು ಅರಮನೆ ನೋಡಲು ಮಧ್ಯಾಹ್ನ ಬರುವವರಿದ್ದರು. ತೊಟ್ಟಿ ನಾರುತ್ತಿತ್ತು. ವರ್ಷಗಟ್ಟಲೆ ಮುಚ್ಚಿದ್ದ ತೊಟ್ಟಿ. ಕೆಸರು ತೆಗೆಯಿರಿ ಎಂದ ಸೂಪರ್‌ವೈಸರ್. ಗಂಡಸರ ಭುಜ ಆ ಬಾಯಿಯಲ್ಲಿ ಹಿಡಿಯಲಿಲ್ಲ. ಗುಬ್ಬಿ ಹಿಡಿಯುತ್ತಾಳೆ, ಅವಳನ್ನು ಇಳಿಸಿ ಎಂದ. ಒಳಗೆ ಗಾಳಿ ಇಲ್ಲ, ಒಂದು ದಿನ ಮುಚ್ಚಳ ತೆಗೆದಿಡೋಣ ಎಂದಳು ಅವ್ವ. ನಿನ್ನ ಸಲಹೆ ಕೇಳಿದವರು ಯಾರು ಎಂದ. ಕಂಕುಳಿಗೆ ಹಗ್ಗ ಕಟ್ಟಿದರು. ಹಗ್ಗದ ತುದಿ ಹಿಡಿದವರು ಇಬ್ಬರು. ಅವ್ವ, ಮತ್ತು ಅವಳ ಜೊತೆ ಇಂದಿಗೂ ಗುಡಿಸುವ ಹೆಂಗಸು, ಎಡಗೈಯಲ್ಲಿ ಪೊರಕೆ ಹಿಡಿಯುವುದರಿಂದ ಎಲ್ಲರ ಬಾಯಲ್ಲೂ ಎಡಗೈಯವಳು.

ಎರಡು ಬಕೆಟ್ ಕೆಸರು ಮೇಲೆ ಬಂತು. ಮೂರನೆಯದು ಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಎಳೆದರು. ಸತ್ತವರ ಭಾರವೇ ಬೇರೆ. ಬಾಯಿಯ ಹತ್ತಿರ ಚಿಕ್ಕವ್ವನ ಭುಜ ಸಿಕ್ಕಿಕೊಂಡಿತು. ಅವ್ವ ಬಲಗೈ ಒಳಗೆ ಹಾಕಿ ಒಂದೇ ಸಮ ಎಳೆದಳು. ಅವ್ವನ ಭುಜ ಹೋದದ್ದು ಆಗ. ಮೇಲೆ ತಂದು ಮಲಗಿಸಿದರೆ, ಅತಿಥಿಗಳು ಬರುವ ಹೊತ್ತಾಯಿತು, ಹಿಂಬಾಗಿಲ ಆಚೆ ಹಾಕಿ ಎಂದ ಸೂಪರ್‌ವೈಸರ್. ಎತ್ತುವುದಕ್ಕೆ ಅವ್ವನಿಗೆ ಕೈ ಬರಲಿಲ್ಲ. ಕಂಕುಳಿಗೆ ತೋಳು ಕೊಟ್ಟು ಎಳೆದುಕೊಂಡು ಹೋದರು. ಮರಳಿನ ಮೇಲೆ ಚಿಕ್ಕವ್ವನ ಹಿಮ್ಮಡಿಯ ಎರಡು ಗೆರೆ ಬಿತ್ತು. ತೊಟ್ಟಿಯಿಂದ ಹಿಂಬಾಗಿಲಿನವರೆಗೆ.

ಅಲ್ಲಿಗೆ ಅವ್ವ ನಿಲ್ಲಿಸಿದಳು. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಗೆರೆ ಕಾಣಬಾರದು, ಗುಡಿಸು ಅಂದ. ಗುಡಿಸಿದೆ. ಒಂದು ಕೈಯಲ್ಲಿ ಗುಡಿಸಿದೆ. ಹಿಂದಕ್ಕೆ ನಡ್ಕೊಂಡು, ನನ್ನ ತಂಗಿ ಗುರುತನ್ನ ನಾನೇ ಅಳಿಸ್ಕೊಂಡು ಬಂದೆ. ಆಚೆ ಅವಳು ಮಲಗಿದ್ಲು. ಇದನ್ನೂ ಬರಿ."

ಬರೆದೆ. ಅವಳು ಹೇಳಿದ ಹಾಗೇ ಬರೆದೆ.

ಮರುವಾರ ಹಳೆಯ ಕಾಗದಗಳ ಕೋಣೆಯಲ್ಲಿ ನಮಗೆ ಎರಡು ದಿನ ತರಬೇತಿ. ಬಿಳಿ ಕೈಗವಸು ಹಾಕಿಕೊಂಡು ಪುಟ ತಿರುಗಿಸಬೇಕು. ಅರಮನೆಯ ಕೆಲಸದವರ ಹಾಜರಿ ಪುಸ್ತಕ ಸಿಕ್ಕಿತು. ನಾನು ದಿನಾ ಬೆಳಿಗ್ಗೆ ಹಾಜರಿ ಕೂಗುವವಳು. ಅಂಥ ಪುಟ ಓದುವುದು ನನಗೆ ಯಾರೂ ಕಲಿಸಬೇಕಿಲ್ಲ. ಆ ತಿಂಗಳು, ಆ ತಾರೀಕು. ಗುಬ್ಬಿ ಎಂಬ ಸಾಲಿನಲ್ಲಿ ಹಿಂದಿನ ದಿನದವರೆಗೂ ಹಾಜರು, ಹಾಜರು, ಹಾಜರು. ಅವತ್ತು ಕೆಂಪು ಶಾಯಿಯಲ್ಲಿ ಗೈರು. ಮರುದಿನ ಹೆಸರಿನ ಮೇಲೆ ಅಡ್ಡಗೆರೆ. ಕೆಲಸ ಮಾಡುತ್ತಾ ಸತ್ತವಳು ಅವತ್ತು ಕೆಲಸಕ್ಕೇ ಬಂದಿರಲಿಲ್ಲ. ಕೈಗವಸು ಕಿತ್ತು ಬಿಸಾಡಿ ಬರಿಗೈಯಲ್ಲಿ ಆ ಅಕ್ಷರ ಮುಟ್ಟಿದೆ. ಮುಟ್ಟಬಾರದು ಎಂದರು ಕಾಗದ ಕಾಯುವವರು.

ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದು ಇತಿಹಾಸ ಕಣಮ್ಮ, ಉಳಿದದ್ದೆಲ್ಲ ರಾಜರ ಬಟ್ಟೆಬರೆ ಎಂದರು. ಆ ಕಣ್ಣೀರು ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು.

ಪಾಠ ಆರು ಪುಟವಾಯಿತು. ಅವ್ವನ ಮಾತು, ಹಾಜರಿ ಪುಸ್ತಕದ ಫೋಟೋ, ಮಕ್ಕಳಿಗೆ ಪ್ರಶ್ನೆಗಳು. ಕೊನೆಯಲ್ಲಿ ಒಂದು ಚೌಕ ಖಾಲಿ ಉಳಿಯಿತು. ಎಲ್ಲ ಪಾಠಕ್ಕೂ ಒಂದೇ ನಮೂನೆ, ಕೊನೆಯ ಚೌಕದಲ್ಲಿ ಮಕ್ಕಳಿಗೆ ಸಂದೇಶ ಎಂದು ಇರಲೇಬೇಕು. ನನಗೆ ಸಂದೇಶವೇನೂ ಹೊಳೆಯಲಿಲ್ಲ. ಮಕ್ಕಳ ಕೈಗೆ ಬರೀ ಹೆಣ ಕೊಟ್ಟು ಕಳಿಸಬಾರದಮ್ಮ, ಒಂದು ಸಾಲು ಭರವಸೆ ಬರಿ, ಇಲ್ಲದಿದ್ದರೆ ಪಾಠ ಟ್ರಸ್ಟಿನ ಸಮಿತಿಯಲ್ಲೇ ನಿಂತುಬಿಡುತ್ತದೆ ಎಂದರು ಮೇಷ್ಟ್ರು. ಮಧ್ಯಾಹ್ನ ಮೂರಕ್ಕೆ ಕೊಡಬೇಕಿತ್ತು. ಎರಡೂ ಮುಕ್ಕಾಲಿಗೆ ಬರೆದೆ: ಎಲ್ಲರಿಗೂ ಶುದ್ಧ ನೀರು ಸಿಗಲೆಂದು ಆಕೆ ತನ್ನ ಜೀವವನ್ನೇ ಕೊಟ್ಟಳು.

ಕೊಟ್ಟಳು ಎಂದು ಬರೆದೆ. ಅವಳು ಕೊಟ್ಟಿರಲಿಲ್ಲ, ಕಿತ್ತುಕೊಂಡಿದ್ದರು. ಬರೆಯುವಾಗಲೇ ನನಗೆ ಗೊತ್ತಿತ್ತು. ಆರು ಪುಟದ ನಿಜಕ್ಕೆ ಒಂದು ಸಾಲಿನ ಸುಳ್ಳು ಏನು ಮಾಡೀತು ಎಂದುಕೊಂಡೆ. ಹಾಲಿಗೆ ಎಷ್ಟು ಹುಳಿ ಬೇಕು? ನಾನು ಅಡುಗೆ ಮಾಡುವ ಹೆಂಗಸು, ಅಷ್ಟೂ ಯೋಚಿಸಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಕೈಪಿಡಿ ಬಂತು. ರಟ್ಟಿನ ಮೇಲೆ ಅವ್ವನ ಫೋಟೋ. ಪೊರಕೆ ಹಿಡಿದು ಮೈ ತಿರುಗಿಸಿದ್ದಾಳೆ, ಡ್ಯಾನ್ಸ್ ಮಾಡಿದ ಹಾಗೆ. ನನ್ನ ಪಾಠ ಹುಡುಕಿದೆ. ಆರು ಪುಟ ಒಂದು ಪುಟವಾಗಿತ್ತು. ಹೆಸರು, ತೊಟ್ಟಿಗೆ ಹಾರಿದ ತರುಣಿ. ಬಹಳ ಹಿಂದೆ ಅರಮನೆಯ ನೀರು ಕೆಟ್ಟಿತ್ತಂತೆ. ಗುಬ್ಬಿಯಂಥ ಒಬ್ಬ ತರುಣಿ ಎಲ್ಲರ ಒಳಿತಿಗೆಂದು ತೊಟ್ಟಿಗೆ ಹಾರಿದಳಂತೆ. ನೀರು ತಿಳಿಯಾಯಿತಂತೆ. ಇಲ್ಲಿನ ಕೆಲಸದವರಲ್ಲಿ ಈ ಕಥೆ ಇಂದಿಗೂ ಇದೆ ಎಂದು ಬರೆದಿತ್ತು. ಸೂಪರ್‌ವೈಸರ್ ಇಲ್ಲ, ಹಗ್ಗ ಇಲ್ಲ, ಹಾಜರಿ ಪುಸ್ತಕ ಇಲ್ಲ. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಅವ್ವನನ್ನು ತೆಗೆದಿದ್ದರು. ಉಳಿದದ್ದು ನನ್ನ ಒಂದೇ ಸಾಲು. ಕೊನೆಯಲ್ಲಿ, ದಪ್ಪ ಅಕ್ಷರದಲ್ಲಿ. ಕೆಳಗೆ ನನ್ನ ಹೆಸರು.

ಮೇಷ್ಟ್ರ ಕೋಣೆಗೆ ಹೋದೆ. ಅವರು ಸರ್ಟಿಫಿಕೇಟುಗಳಿಗೆ ಸಹಿ ಹಾಕುತ್ತಿದ್ದರು. ಪುಸ್ತಕ ಮೇಜಿನ ಮೇಲೆ ಹಾಕಿದೆ. ಅವರು ತಲೆ ಎತ್ತದೆ, ಕೂತ್ಕೋಮ್ಮ ಎಂದರು. ಕೂರಲಿಲ್ಲ. ಟ್ರಸ್ಟಿನವರು ಒಪ್ಪಲಿಲ್ಲ ಎಂದರು. ಹಠ ಮಾಡಿದರೆ ಫೆಲೋಶಿಪ್ಪೇ ನಿಲ್ಲುತ್ತಿತ್ತು, ಮುಂದಿನ ವರ್ಷ ಹನ್ನೆರಡು ಜನಕ್ಕೆ ಅವಕಾಶ ತಪ್ಪುತ್ತಿತ್ತು ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹೇಗೋ ನಿನ್ನ ಚಿಕ್ಕಮ್ಮನ ನೆನಪು ಪುಸ್ತಕದಲ್ಲಿ ಉಳಿಯಿತಲ್ಲ ಎಂದರು.

"ಮಾತು ಕೊಟ್ಟಿದ್ರಿ ಸಾರ್. ನಮ್ಮವ್ವ ಮೂವತ್ತು ವರ್ಷ ಮುಚ್ಚಿಟ್ಟಿದ್ದನ್ನ ನಿಮ್ಮ ಹೆಸರು ಹೇಳಿ ಬಿಚ್ಚಿಸ್ದೆ ನಾನು."

"ಹಾರಿದಳು ಅಂತ ನಾನು ಸೃಷ್ಟಿ ಮಾಡಲಿಲ್ಲಮ್ಮ. ಜೀವ ಕೊಟ್ಟಳು ಅಂತ ಬರೆದಿದ್ದು ನೀನೇ ಅಲ್ವಾ?"

ನನ್ನ ಕೈಯಿಂದಲೇ ನನ್ನ ಕಣ್ಣು ಚುಚ್ಚಿಸಿದರು. ಮೊದಲು ಮೂಗಿಗೆ ತುಪ್ಪ, ಆಮೇಲೆ ಕುತ್ತಿಗೆಗೆ ಕತ್ತಿ. ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ.

ಹತ್ತು ಗಂಟೆಗೆ ಸಮಾರಂಭ. ಟ್ರಸ್ಟಿನವರು, ಅತಿಥಿಗಳು, ಒಂದು ಶಾಲೆಯ ನಲವತ್ತು ಮಕ್ಕಳು. ಮಕ್ಕಳಿಗೆ ತೊಟ್ಟಿಯ ಬಳಿ ನಾನು ಪಾಠ ಮಾಡಿ ತೋರಿಸಬೇಕು. ಪಕ್ಕದಲ್ಲಿ ಅವ್ವ ಹಳೆಯ ಕಾಲದ ಬಿಂದಿಗೆ ಹಿಡಿದು ನಿಲ್ಲಬೇಕು. ಅವ್ವ ಪೊರಕೆಗಳನ್ನು ಇಡುವ ಕೋಣೆಯಲ್ಲಿ ಕೂತಿದ್ದಳು. ಅಂಗಳ ಗುಡಿಸಿ ಮುಗಿಸಿ, ಕೈಕಾಲು ತೊಳೆದು, ತಲೆ ಬಾಚಿಕೊಂಡಿದ್ದಳು. ಎಡಗೈಯವಳೂ ಪಕ್ಕದಲ್ಲಿದ್ದಳು. ಮೂವತ್ತು ವರ್ಷದಲ್ಲಿ ಅವ್ವ ಚಿಕ್ಕವ್ವನ ವಿಷಯಕ್ಕೆ ಸಂಭ್ರಮಪಟ್ಟದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.

"ಪುಸ್ತಕ ಬಂತಂತೆ. ಓದು," ಎಂದಳು.

ಅವ್ವನಿಗೆ ಅಕ್ಷರ ಬರುವುದಿಲ್ಲ. ನನ್ನ ಹಳೆಯ ಆರು ಪುಟ ನನಗೆ ಬಾಯಿಪಾಠ. ಅದನ್ನೇ ಹೇಳಿಬಿಟ್ಟರೆ ಅವಳಿಗೆ ಏನು ತಿಳಿಯಬೇಕು? ನಗುತ್ತಾ ಬಿಂದಿಗೆ ಹಿಡಿದು ನಿಲ್ಲುತ್ತಾಳೆ. ಬಾಯಿ ತೆರೆದೆ. ಸುಳ್ಳು ಹೇಳುವುದು ಎಷ್ಟು ಸುಲಭವೆಂದು ಆಗ ಗೊತ್ತಾಯಿತು. ಮೇಷ್ಟ್ರಿಗೂ ಇಷ್ಟೇ ಸುಲಭವಾಗಿರಬೇಕು. ಅಚ್ಚಾದದ್ದನ್ನೇ ಓದಿದೆ. ಕೊನೆಯ ಸಾಲಿನವರೆಗೂ ಓದಿದೆ.

ಅವ್ವ, "ಹಾರಿದ್ಲು ಅಂತ ಯಾರು ಬರೆದಿದ್ದು?" ಎಂದಳು.

"ಮೇಷ್ಟ್ರು. ಆದ್ರೆ ಕೊನೇ ಸಾಲು ನಂದೇ ಅವ್ವ."

ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ನನ್ನ ಕುತ್ತಿಗೆಯ ಗುರುತಿನ ಚೀಟಿಯನ್ನು ಒಂದು ಸಲ ನೋಡಿದಳು. "ನಾನು ಹೆದರಿ ಗುಡಿಸಿದ್ದೆ," ಎಂದಳು. "ನೀನು ಓದಿ ಗುಡಿಸಿದೆ."

ಸಮಾರಂಭ ಶುರುವಾಯಿತು. ಜಗಲಿಯಲ್ಲಿ ದೊಡ್ಡವರ ಕುರ್ಚಿಗಳು, ಕಲ್ಲುಹಾಸಿನ ಮೇಲೆ ಮಕ್ಕಳು, ಮಧ್ಯೆ ಅವ್ವ ಬೆಳಿಗ್ಗೆ ಗುಡಿಸಿದ ಮರಳು. ಮೇಷ್ಟ್ರು ನನ್ನನ್ನು ಕರೆದರು. ನಾನು ತೊಟ್ಟಿಯ ಪಕ್ಕ ನಿಂತೆ. ಅವ್ವ ಹಿಂಬಾಗಿಲಿನಿಂದ ಬಂದಳು. ಕೈಯಲ್ಲಿ ಬಿಂದಿಗೆ ಇರಲಿಲ್ಲ, ಪೊರಕೆ ಇತ್ತು. ಕಲ್ಲುಹಾಸು ಬಳಸಿ ಬರಲಿಲ್ಲ. ಮರಳಿನ ಮೇಲೆ ನೆಟ್ಟಗೆ ನಡೆದು ಬಂದಳು.

"ಮಕ್ಕಳಾ," ಎಂದಳು. ದನಿ ಏರಿಸಲಿಲ್ಲ. "ಅವಳು ಹಾರಲಿಲ್ಲ. ಇಳಿಸಿದ್ರು. ಹಗ್ಗ ನನ್ನ ಕೈಲಿತ್ತು."

ಪೊರಕೆಯನ್ನು ತಲೆಕೆಳಗು ಮಾಡಿ, ಹಿಡಿಯ ತುದಿಯನ್ನು ತೊಟ್ಟಿಯ ಬಾಯಿಯ ಹತ್ತಿರ ಮರಳಿಗೆ ಊರಿದಳು. ಎಳೆಯುತ್ತಾ ಹಿಂಬಾಗಿಲಿನವರೆಗೆ ಹೋದಳು. ಒಂದು ಗೆರೆ. ತಿರುಗಿ ತೊಟ್ಟಿಗೆ ಬಂದು, ಒಂದು ಗೇಣು ಬಿಟ್ಟು, ಇನ್ನೊಂದನ್ನೂ ಬಾಗಿಲಿನವರೆಗೆ ಎಳೆದಳು. ಬಲಗೈ ಸೋತಾಗ ಎಡಗೈಗೆ ಬದಲಾಯಿಸಿದಳು.

ಮೇಷ್ಟ್ರು ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ನಿಮ್ಮವ್ವನಿಗೆ ಹೇಳು, ಕರ್ಕೊಂಡು ಹೋಗು, ಆಕೆಯ ಕೆಲಸಕ್ಕೆ ಕುತ್ತು ಬರುತ್ತೆ ಎಂದರು. ಎಂಟನೆಯ ತರಗತಿಯಿಂದ ಅವರು ಹೇಳಿದ ಯಾವ ಮಾತಿಗೂ ನಾನು ಇಲ್ಲ ಎಂದವಳಲ್ಲ.

"ಇಲ್ಲ," ಎಂದೆ.

ಗುರುತಿನ ಚೀಟಿ ತೆಗೆದು ತೊಟ್ಟಿಯ ಮುಚ್ಚಳದ ಮೇಲೆ ಇಟ್ಟೆ. ಮಕ್ಕಳಿಗೆ ನೋಟ್‌ಬುಕ್ ತೆಗೆಯಲು ಹೇಳಿದೆ. ಕೈಪಿಡಿಯ ಪುಟ ಮುಚ್ಚಿ, ಅದರ ಕೊನೆಯ ಸಾಲು ಸುಳ್ಳು, ಬರೆದವಳು ನಾನೇ ಎಂದು ಹೇಳಿದೆ. ಹಾಜರಿ ಪುಸ್ತಕದಲ್ಲಿ ಅವತ್ತು ಕೆಂಪು ಶಾಯಿಯಲ್ಲಿ ಏನು ಬರೆದಿದೆ ಎಂಬುದನ್ನು ಹೇಳಿದೆ. ಈಗ ನಿಮ್ಮ ಮುಂದಿರುವ ಗೆರೆಗಳನ್ನು ಬರೆದುಕೊಳ್ಳಿ ಎಂದೆ. ಮಕ್ಕಳು ಬರೆದುಕೊಂಡರು. ಜಗಲಿಯ ಮೇಲೆ ಕುರ್ಚಿಗಳು ಸದ್ದು ಮಾಡತೊಡಗಿದವು. ಟ್ರಸ್ಟಿನ ಅಧ್ಯಕ್ಷರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಈಗಿನ ಸೂಪರ್‌ವೈಸರನ ಕಡೆ ನೋಡಿದರು. ಅವನು ಎಡಗೈಯವಳ ಕಡೆ ತಿರುಗಿ, ಅಳಿಸು ಅದನ್ನ ಎಂದ.

ಎಡಗೈಯವಳು ಮರಳಿನ ಅಂಚಿನವರೆಗೆ ಬಂದಳು. ಗೆರೆ ನೋಡಿದಳು. ಪೊರಕೆಯನ್ನು ನೆಲಕ್ಕೆ ಹಾಕಿ, "ನನ್ ಕೈ ನೋಯ್ತಿದೆ," ಎಂದು ಹೋಗಿ ಅವ್ವನ ಪಕ್ಕ ನಿಂತಳು.

ಆ ಪೊರಕೆ ಎತ್ತಲು ಯಾರೂ ಬರಲಿಲ್ಲ. ಕೊನೆಗೆ ಮೇಷ್ಟ್ರೇ ಬಗ್ಗಿ ಎತ್ತಿಕೊಂಡರು. ಎಪ್ಪತ್ತು ದಾಟಿದ ಮನುಷ್ಯ, ಪಾಲಿಶ್ ಮಾಡಿದ ಬೂಟು. ಮರಳಿಗಿಳಿದು ಗುಡಿಸತೊಡಗಿದರು. ಜೀವಮಾನದಲ್ಲಿ ಅಂಗಳ ಗುಡಿಸಿದವರಲ್ಲ. ಮುಂದಕ್ಕೆ ಮುಂದಕ್ಕೆ ನಡೆಯುತ್ತಾ ಗುಡಿಸಿದರು. ಚಿಕ್ಕವ್ವನ ಗೆರೆಗಳು ಅಳಿಸಿದಷ್ಟೂ ಅದರ ಮೇಲೆ ಅವರ ಬೂಟಿನ ಗುರುತು ಸಾಲಾಗಿ ಬೀಳುತ್ತಾ ಹೋಯಿತು. ತೊಟ್ಟಿಯಿಂದ ಹಿಂಬಾಗಿಲಿನವರೆಗೆ. ಮಕ್ಕಳು ಅದನ್ನೂ ಬರೆದುಕೊಳ್ಳುತ್ತಿದ್ದರು.

ಬಾಗಿಲು ಮುಟ್ಟಿ ಅವರು ತಿರುಗಿ ನೋಡಿದರು. ಪಕ್ಕದಲ್ಲೇ ಅವ್ವ ನಿಂತಿದ್ದಳು.

"ಹಿಂದಕ್ಕೆ ನಡ್ಕೊಂಡು ಗುಡಿಸ್ಬೇಕು ಮೇಷ್ಟ್ರೇ," ಎಂದಳು. "ಇಲ್ಲಾಂದ್ರೆ ಗುಡಿಸಿದವರು ಯಾರು ಅಂತ ಗೊತ್ತಾಗಿಬಿಡುತ್ತೆ."